ಕಾಯಿಸಿ ಬಾರಿಸುವ ಗಿಟಾರ್

ಇವತ್ತು ಬೆಳಿಗ್ಗೆ ಸ್ಕೂಲ್ ಸ್ವೆಟರಿನ ಜೇಬಿಗೆ ಕೈ ಹಾಕಿದರೆ ಮೊಸರು ಡಬ್ಬಿಯ ಮುಚ್ಚಳದ ಒಂದು ತುಂಡು ಸಿಕ್ಕಿತು. ಮೂರು ಮೂಲೆ, ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು, ಒಂದು ಬದಿಯಲ್ಲಿ ಹಸುವಿನ ಅರ್ಧ ಮುಖ. ನಿಮ್ಮ ಕೈಗೆ ಸಿಕ್ಕಿದ್ದರೆ ಕಸದ ಬುಟ್ಟಿ ಸೇರುತ್ತಿತ್ತು. ನಾನು ಮಾತ್ರ ಊಟಿ ಬಸ್ಸಿನ ಕಿಟಕಿ ಪಕ್ಕ ಕುಳಿತು, ಕಳೆದುಹೋದ ಚಿನ್ನದ ಓಲೆ ಸಿಕ್ಕವಳ ಹಾಗೆ ಅದನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದೆ. ಅದು ನಮ್ಮಪ್ಪ ಕತ್ತರಿಯಿಂದ ಕತ್ತರಿಸಿ ಮಾಡಿದ, ಗಿಟಾರ್ ಮೀಟುವ ಚಿಪ್ಪು. ಅಂಗಡಿಯ ಚಿಪ್ಪು ಒದ್ದೆ ಬೆರಳಿಗೆ ಜಾರುತ್ತದೆ ಎಂದು ಅಪ್ಪನ ದೂರು. ಅಪ್ಪನ ಬೆರಳು ಯಾವಾಗಲೂ ಒದ್ದೆ.

ಒದ್ದೆ ಯಾಕೆ ಅಂದರೆ, ನಮ್ಮದು ಊಟಿ ಹತ್ತಿರದ ನಂಜನಾಡಿನಲ್ಲಿ ಕ್ಯಾರೆಟ್ ತೊಳೆಯುವ ಶೆಡ್ಡು. ಗದ್ದೆಯಿಂದ ಮೂಟೆಗಟ್ಟಲೆ ಬರುವ ಮಣ್ಣು ಮೆತ್ತಿದ ಕ್ಯಾರೆಟ್ಟನ್ನು ದೊಡ್ಡ ಕಬ್ಬಿಣದ ಡ್ರಮ್ಮಿಗೆ ಸುರಿದು, ನೀರು ಬಿಟ್ಟು ಗರಗರ ತಿರುಗಿಸಿದರೆ, ಆಚೆ ಕಡೆಯಿಂದ ಮದುಮಗಳ ಹಾಗೆ ಹೊಳೆಯುತ್ತಾ ಬರುತ್ತದೆ. ಅಲ್ಲಿಂದ ಲಾರಿ, ಲಾರಿಯಿಂದ ಮೇಟ್ಟುಪಾಳ್ಯಂ ತರಕಾರಿ ಮಂಡಿ. ನೀವು ಹಲ್ವಾ ತಿನ್ನುವಾಗ ನಮ್ಮಪ್ಪನನ್ನು ನೆನೆಯಬೇಕು ಎಂದು ನನ್ನ ಅಭಿಪ್ರಾಯ. ಈ ಕೆಲಸವೆಲ್ಲ ಬೆಳಕು ಹರಿಯುವ ಹೊತ್ತಿಗೆ. ಆ ಹೊತ್ತಿನ ನಮ್ಮೂರಿನ ಚಳಿ ಎಂಥದ್ದೆಂದರೆ, ಹೆಪ್ಪುಗಟ್ಟಿದ ಕೊಬ್ಬರಿ ಎಣ್ಣೆ ಬಾಟಲಿಯಿಂದಲೇ ಮೊಳೆ ಹೊಡೆಯಬಹುದು. ನಮ್ಮ ನಡುಮನೆಯ ಗೋಡೆಯಲ್ಲಿ ಗಿಟಾರ್ ತೂಗುಹಾಕಿದ್ದ ಮೊಳೆಯನ್ನು ಹೊಡೆದದ್ದೇ ಹಾಗೆ ಎಂದು ಪ್ಲಸ್ ಟು ಕ್ಲಾಸಿನಲ್ಲಿ ಹೇಳಿದ್ದೇನೆ. ಅರ್ಧ ಕ್ಲಾಸು ನಂಬಿದೆ. ಇನ್ನರ್ಧಕ್ಕೆ ಊಟಿಯಲ್ಲೇ ಮನೆ, ಅದಕ್ಕೆ ನಂಬಲಿಲ್ಲ.

ಉದ್ದಕ್ಕೆ ಎಳೆದು ಹೇಳುವುದು ನಮ್ಮ ವಂಶದ ಕಸುಬು. ಅಪ್ಪನಿಗೆ ಆ ಗಿಟಾರ್ ಹೇಗೆ ಬಂತು ಎಂದು ಕೇಳಿದರೆ ಒಂದೊಂದು ಸಲ ಒಂದೊಂದು ಕಥೆ ಬರುತ್ತಿತ್ತು. ಒಂದು ಕಥೆಯಲ್ಲಿ ದೇವಾಲ ಎಂಬ ಊರಿನ ಟೀ ಎಸ್ಟೇಟ್ ಕ್ಲಬ್ಬಿನ ಉಗ್ರಾಣದಲ್ಲಿ ಇಲಿ ಗೂಡಿನ ಕೆಳಗೆ ಸಿಕ್ಕಿತು. ಇನ್ನೊಂದರಲ್ಲಿ ಊರು ಬಿಟ್ಟು ಹೋಗುತ್ತಿದ್ದ ಮುದುಕ ಬ್ಯಾಂಡ್ ಮಾಸ್ಟರ್ ಅಪ್ಪನ ಕೈ ನೋಡಿ, "ನಿನ್ನದು ಗಿಟಾರ್ ಬೆರಳು ಕಣೋ" ಎಂದು ಅತ್ತು ಕೊಟ್ಟ. ಆಗ ಅಮ್ಮ ಒಳಗಿನಿಂದ ಕೂಗುತ್ತಿದ್ದಳು: "ಹೋದ ಸಲ ಆ ಮುದ್ಕ ಅಳ್ನಿಲ್ವಲ್ಲ?" ಅಪ್ಪನದು ರೆಡಿ ಉತ್ತರ: "ಹೋದ ಸಲ ನೀನು ಈರುಳ್ಳಿ ಹೆಚ್ತಿರ್ನಿಲ್ಲ."

ಗಿಟಾರ್ ಅಂದರೆ ನೀವು ಹೊಟ್ಟೆ ಟೊಳ್ಳಾಗಿರುವ, ನಡುವೆ ತೂತಿರುವ ಗಿಟಾರನ್ನು ನೆನೆಯಬೇಡಿ. ಇದು ಗಟ್ಟಿ ಮರದ ಎಲೆಕ್ಟ್ರಿಕ್. ವೈರು ಕಿತ್ತರೆ ತರಕಾರಿ ಹೆಚ್ಚುವ ಮಣೆ. ಆಂಪ್ಲಿಫೈಯರಿಗೆ ಚುಚ್ಚಿದರೆ ಎದುರು ಬೆಟ್ಟದ ಎಮ್ಮೆಗೂ ಕೇಳುತ್ತದೆ. ಅಮೆರಿಕದ ಒಂದು ಕಂಪನಿ ಅಪ್ಪ ಹುಟ್ಟುವ ಮೊದಲೇ ಮಾಡಿದ್ದು. ಬಣ್ಣ ಕೆನೆ ಬಿಳಿ. ಬೇಸಿಗೆಯ ಟೂರಿಸ್ಟ್ ಸೀಸನ್ನಿನಲ್ಲಿ ಅಪ್ಪ ಊಟಿಯ ಹೋಟೆಲುಗಳಲ್ಲಿ ಅದನ್ನು ಬಾರಿಸುತ್ತಿದ್ದ. ಪಕ್ಕದಲ್ಲಿ ಬೇಸ್ ಗಿಟಾರಿಗೆ ಸೋಲೂರಿನ ಭೋಜ ಮಾಮ. ಅವರು ನೀಲಗಿರಿಯ ಬಡಗ ಜನ, ಒಂದು ತುಂಡು ಟೀ ತೋಟ ಇದೆ. ಸೋಲೂರಿಂದ ಊಟಿಗೆ ಬರುವ ಬಸ್ಸಿನಲ್ಲಿ ಗಿಟಾರಿಗೂ ಒಂದು ಸೀಟು ಬೇಕೆಂದು ಕಂಡಕ್ಟರ್ ಹತ್ತಿರ ಜಗಳ ಆಡಿದ ಖ್ಯಾತಿ ಅವರದು.

ಈ ಗಿಟಾರಿಗೆ ಒಂದು ಪದ್ಧತಿ ಇತ್ತು. ಚಳಿಗೆ ತಂತಿಗಳೆಲ್ಲ ಬಿಗಿದುಕೊಂಡಿರುತ್ತವೆ. ಹಾಗೇ ಶ್ರುತಿ ಮಾಡಿ ಬಾರಿಸಿದರೆ, ಕೈ ಶಾಖಕ್ಕೆ ಒಂದೊಂದೇ ಸಡಿಲವಾಗಿ ಹಾಡಿನ ಮಧ್ಯದಲ್ಲಿ ಗಿಟಾರ್ ತನ್ನ ಪಾಡಿಗೆ ಬೇರೆ ಹಾಡು ಹಾಡುತ್ತದೆ. ಅದಕ್ಕೆ ಅಪ್ಪ ಮೊದಲು ಅಗ್ಗಿಷ್ಟಿಕೆಯಲ್ಲಿ ಇದ್ದಿಲ ಕೆಂಡ ಮಾಡಿಸಿ, ಕ್ಯಾರೆಟ್ ನೀರಿನಲ್ಲಿ ಸೆಟೆದ ಬೆರಳುಗಳನ್ನು ಅದರ ಮೇಲೆ ಹಿಡಿದು, ಅವು ಮಡಚಲು ಬಂದ ಮೇಲೆ ಗಿಟಾರನ್ನೂ ಮಲಗಿಸಿ ಹಿಡಿದು ಹಿಂದೆ ಮುಂದೆ ಆಡಿಸುತ್ತಿದ್ದ. ಎಣ್ಣೆ ನೀರು ಹಾಕಿದ ಕೂಸಿಗೆ ಸಾಂಬ್ರಾಣಿ ಹಿಡಿಯುತ್ತಾರಲ್ಲ, ಥೇಟ್ ಹಾಗೆ. ಆಮೇಲೆ ಶ್ರುತಿ. ಆಮೇಲೆ ಹಾಡು. ನಾನು ಕೂಸಾಗಿದ್ದಾಗ ನನಗೂ ಗಿಟಾರಿಗೂ ಒಂದೇ ಕೆಂಡವಂತೆ. ಮೊದಲು ಯಾರಿಗೆ ಎಂದು ಕೇಳಿದರೆ ಅಪ್ಪ ನಗುತ್ತಿದ್ದ.

ಅಷ್ಟೆಲ್ಲ ಇದ್ದೂ ನನಗೆ ಬಾರಿಸಲು ಬರುವುದಿಲ್ಲ. ಹಿಡಿದುಕೊಂಡು ನಿಲ್ಲಲು ಬರುತ್ತದೆ. ನನ್ನ ಫೋನಿನಲ್ಲಿ ಗಿಟಾರ್ ಹಿಡಿದು ಕಣ್ಣು ಮುಚ್ಚಿ ತಲೆ ಹಿಂದಕ್ಕೆ ಎಸೆದ ಎಷ್ಟೋ ಫೋಟೋಗಳಿವೆ. ಅವುಗಳಿಂದ ಎಂಥ ಸಂಗೀತ ಹೊರಡುತ್ತಿರಬೇಕು ಎಂದು ಗೆಳತಿಯರು ಊಹಿಸಿ ಬೆರಗಾಗಿದ್ದಾರೆ. ನಾನು ಅವರ ಸಂತೋಷಕ್ಕೆ ಅಡ್ಡ ಬಂದಿಲ್ಲ. "ಬಾ ಮಗಾ, ಒಂದು ಪಾಠ ಹೇಳ್ಕೊಡ್ತೀನಿ" ಎಂದು ಅಪ್ಪ ಕರೆದಾಗಲೆಲ್ಲ "ನಾಳೆ ಅಪ್ಪ, ಬೆರಳು ಉರೀತದೆ" ಎನ್ನುತ್ತಿದ್ದೆ. ಅಪ್ಪನಿಗೂ ಅವಸರ ಇರಲಿಲ್ಲ.

ಇನ್ನು ಡೆನ್ನಿಸ್ ಸಾರ್. ಊಟಿಯಲ್ಲಿ ಸಂಗೀತ ಮೇಷ್ಟ್ರಾಗಿದ್ದು ರಿಟೈರ್ ಆದವರು. ಚಿಕ್ಕಂದಿನಲ್ಲಿ ಮೈಸೂರಿನಲ್ಲಿ ಓದಿದ್ದರಿಂದ ಕನ್ನಡ ಬರುತ್ತದೆ. ಆದರೆ ಪ್ರತಿ ವಾಕ್ಯದ ಬಾಲಕ್ಕೂ ತಮಿಳಿನ ಒಂದು 'ಮಾ' ಅಂಟಿರುತ್ತದೆ. ಅವರ ಹತ್ತಿರ ಇರುವುದು ಅದೇ ಕಂಪನಿಯ ಅದೇ ಗಿಟಾರ್, ಆದರೆ ಹೊಸದು. ರೀಇಶ್ಯೂ ಎನ್ನುತ್ತಾರೆ. ಹಳೇ ಅಳತೆ, ಹಳೇ ಬಣ್ಣ, ಹಳೇ ಸ್ಕ್ರೂ ಎಲ್ಲವನ್ನೂ ಹುಡುಕಿ ಕಂಪನಿಯೇ ಮತ್ತೆ ಮಾಡಿದ್ದು. ಅಷ್ಟೇ ಅಲ್ಲ, ಹಳೇ ಗಿಟಾರಿನ ಮೇಲಿನ ಗೀರು, ಸವೆತ, ತುಕ್ಕು ಕೂಡ ಅಲ್ಲೇ ಮಾಡಿ ಕಳಿಸುತ್ತಾರೆ. ಹೊಸ ಜೀನ್ಸಿಗೆ ಮಂಡಿಯಲ್ಲಿ ತೂತು ಮಾಡಿ ಮಾರುವುದಿಲ್ಲವೇ? ಅಪ್ಪ, ಭೋಜ ಮಾಮ, ಡೆನ್ನಿಸ್ ಸಾರ್ ಮೂವರೂ ಸೇರಿದರೆ ಹಳೇದು ಮೇಲೋ ಹೊಸ ಹಳೇದು ಮೇಲೋ ಎಂಬ ಜಗಳ. ಮರ ಒಣಗಿದಷ್ಟೂ ಧ್ವನಿ ಬಿಚ್ಚುತ್ತದೆ ಎಂದು ಅಪ್ಪ. ಕಿವಿಗೆ ವಯಸ್ಸಾದಷ್ಟೂ ಹಾಗೆ ಅನಿಸುತ್ತದೆ ಎಂದು ಡೆನ್ನಿಸ್ ಸಾರ್. ಎರಡಕ್ಕೂ ಒಂದೇ ಸಲ ವೈರು ಚುಚ್ಚಿ ನೋಡೋಣ, ಸೀಸನ್ ಮುಗಿಯಲಿ ಎಂದು ಪ್ರತಿ ವರ್ಷ ಮಾತಾಗುತ್ತಿತ್ತು. ಸೀಸನ್ ಮುಗಿದರೆ ಮಳೆ. ಮಳೆ ಮುಗಿದರೆ ಕ್ಯಾರೆಟ್.

ಈ ವರ್ಷದ ಮಳೆಯಲ್ಲಿ ಅಪ್ಪ ತೀರಿಕೊಂಡ. ಶೆಡ್ಡಿನಿಂದ ಬಂದು, ಎದೆ ಹಿಡಿದಂಗಾಯ್ತದೆ, ಸ್ವಲ್ಪ ಒರಗ್ತೀನಿ ಎಂದ. ಅಮ್ಮ ಕೆಂಡ ಮಾಡಿ ತಂದಳು. ಅಷ್ಟೆ. ಇಲ್ಲಿ ಉದ್ದಕ್ಕೆ ಎಳೆಯಲು ಏನೂ ಇಲ್ಲ.

ಆಮೇಲೆ ಗಿಟಾರಿನ ತೊಂದರೆ ಶುರುವಾಯಿತು. ಅದು ಮೊಳೆಗೆ ತೂಗಿಕೊಂಡೇ ಇತ್ತು. ನಮ್ಮ ಮನೆ ರಸ್ತೆಗೆ ಅಂಟಿಕೊಂಡಿದೆ. ಲಾರಿ ಹೋದರೆ ಗೋಡೆ ನಡುಗುತ್ತದೆ, ಗೋಡೆ ನಡುಗಿದರೆ ತಂತಿ. ಯಾರೂ ಮುಟ್ಟದೆ ಸಣ್ಣಗೆ ಒಂದು ಝುಂ. ಅಪ್ಪ ಇದ್ದಾಗ ಅದು ಯಾರ ಕಿವಿಗೂ ಬಿದ್ದಿರಲಿಲ್ಲ. ಈಗ ಪ್ರತಿ ಸಲ ಅಮ್ಮ ಸೌಟು ಹಿಡಿದಲ್ಲೇ ತಲೆ ಎತ್ತುತ್ತಿದ್ದಳು. ತಂತಿ ಬಿಚ್ಚಿಡೋಣ ಎಂದರೆ, "ಅದರ ಬಾಯಿ ಯಾಕೆ ಕಟ್ತೀಯ" ಎಂದಳು. ಕೊನೆಗೆ ಒಂದು ದಿನ ಭೋಜ ಮಾಮನಿಗೆ ಫೋನ್ ಮಾಡಿದಳು. "ಬಂದು ತಗೊಂಡ್ಹೋಗಿ ಭೋಜಣ್ಣ. ಬಾರಿಸೋರ ಮನೇಲಿ ಇರ್ಲಿ."

ನನ್ನನ್ನು ಯಾರೂ ಕೇಳಲಿಲ್ಲ. ನನಗೆ ಅದು ಬೇಕಿತ್ತು. ಯಾಕೆ ಎಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ, ಫೋಟೋಕ್ಕೆ ಎಂದಿರುತ್ತಿದ್ದೆ.

ಭೋಜ ಮಾಮ ಬಂದದ್ದು ಆಯುಧ ಪೂಜೆಯ ದಿನ, ಅವತ್ತು ಟೀ ಫ್ಯಾಕ್ಟರಿ ರಜ ಎಂದು. ಸುದ್ದಿ ತಿಳಿದು ಡೆನ್ನಿಸ್ ಸಾರ್ ಕೂಡ ತಮ್ಮ ಗಿಟಾರನ್ನು ಹೊತ್ತು ಬಂದರು. "ಇದು ಸೋಲೂರಿಗೆ ಹೋಗೋ ಮುಂಚೆ ಒಂದೇ ಒಂದ್ಸಲ ಎರಡನ್ನೂ ಪಕ್ಕ ಪಕ್ಕ ಕೇಳ್ಬಿಡೋಣ ಮಾ. ಅವನಿಗೆ ಮಾತು ಕೊಟ್ಟಿದ್ದೆ" ಎಂದರು. ಬೀದಿಯಲ್ಲೆಲ್ಲ ಲಾರಿಗಳಿಗೆ ಬಾಳೆಕಂದು, ಚಕ್ರದ ಕೆಳಗೆ ನಿಂಬೆಹಣ್ಣು, ಹಾರ್ನಿನ ಗಲಾಟೆ. ನಮ್ಮ ಮನೆಗೆ ಮಾತ್ರ ಹಬ್ಬ ಇಲ್ಲ. ಸಾವಾದ ಮನೆಯಲ್ಲಿ ವರ್ಷ ತುಂಬುವವರೆಗೆ ಹಬ್ಬ ಮಾಡುವ ಹಾಗಿಲ್ಲ. ಕ್ಯಾರೆಟ್ ಡ್ರಮ್ಮು, ತೂಕದ ಯಂತ್ರ, ಗಿಟಾರ್ ಯಾವುದಕ್ಕೂ ಬೊಟ್ಟಿಲ್ಲ. ಪಕ್ಕದ ಮನೆಯವರು ಕೊಟ್ಟ ಪುರಿ, ಹುರಿಗಡಲೆಯನ್ನು ತಿನ್ನುತ್ತಾ ನಾನು ಸಂಚು ಹೂಡಿದೆ.

ಸಂಚು ಸುಲಭ. ಗಿಟಾರನ್ನು ಇವರ ಮುಂದೆ ಹೀನಾಮಾನ ಬೈಯುವುದು. ಇದು ಗುಜರಿ ಎಂದು ಸಾಬೀತಾದರೆ ಭೋಜ ಮಾಮ ಯಾಕೆ ಒಯ್ಯುತ್ತಾರೆ? ಮೊಳೆಯಲ್ಲೇ ಉಳಿಯುತ್ತದೆ. ಈ ಬುದ್ಧಿಗೆ ನನಗೆ ನಾನೇ ಶಾಲು ಹೊದಿಸಿಕೊಳ್ಳಬೇಕು ಅನಿಸಿತು.

ಡೆನ್ನಿಸ್ ಸಾರ್ ಎರಡನ್ನೂ ಮಂಚದ ಮೇಲೆ ಅಕ್ಕಪಕ್ಕ ಮಲಗಿಸಿ, ಹುಡುಗಿ ನೋಡಲು ಬಂದವರ ಹಾಗೆ ಕನ್ನಡಕ ಸರಿಮಾಡಿಕೊಂಡರು. ಹಳೆಯದರ ಕೊಂಬಿನಂತೆ ಚಾಚಿದ ಮೇಲಿನ ಹೆಗಲ ಹತ್ತಿರ ಇರುವ ಹಳದಿ ಕಲೆಯ ಮೇಲೆ ಅವರ ಕಣ್ಣು ನಿಂತಿತು.

"ಭೋಜ, ಇಲ್ಲಿ ನೋಡು. ಈ ಹಳದಿ! ವಾರ್ನಿಷ್ ಮಾಗಿದ್ದು, ಡಾನ್ಸ್ ಹಾಲಿನ ಸಿಗರೇಟ್ ಹೊಗೆ. ಇದನ್ನ ತರೋಕೆ ಕೆಲವರು ಏನ್ ಮಾಡ್ತಾರೆ ಗೊತ್ತಾ? ಬಿಳೀ ಪ್ಲಾಸ್ಟಿಕ್ಕನ್ನೆಲ್ಲ ಟೀ ನೀರಲ್ಲಿ ಅದ್ದಿಡ್ತಾರೆ. ಆದ್ರೂ ಈ ಕಲರ್ ಬರಲ್ಲ."

"ಟೀ ನೀರಾ?" ಭೋಜ ಮಾಮನ ಮುಖ ಅರಳಿತು. "ಇದು ಮೊದ್ಲೇ ಗೊತ್ತಿದ್ರೆ ಫ್ಯಾಕ್ಟರಿಗೆ ಯಾಕ್ ಎಲೆ ಹಾಕ್ತಿದ್ದೆ? ನೇರ ಗಿಟಾರ್ ಕಂಪನಿಗೇ ಹಾಕ್ತಿದ್ದೆ."

ನಾನು ಗಂಟಲು ಸರಿಮಾಡಿಕೊಂಡೆ. "ಅದು ಹೊಗೆ ಅಲ್ಲ ಸಾರ್, ಅರಿಶಿನ. ಪ್ರತಿ ಆಯುಧ ಪೂಜೆಗೂ ಅಪ್ಪ ಅಲ್ಲೇ ಇಡೋದು. ಡ್ರಮ್ಮಿಗೆ ಒಂದು, ಲಾರಿಗೆ ಒಂದು, ಇದಕ್ಕೊಂದು."

ಡೆನ್ನಿಸ್ ಸಾರ್ ಕನ್ನಡಕ ತೆಗೆದರು. ಒರೆಸಿದರು. ಮತ್ತೆ ಹಾಕಿದರು. "ಅರಿಶಿನವಾ ಮಾ?"

ನಾನು ಬಿಡಲಿಲ್ಲ. "ಸೌಂಡ್ ಜಾಸ್ತಿ ಕಮ್ಮಿ ಮಾಡೋ ಈ ತಿರುಪು ಹಳೇ ರೇಡಿಯೋದ್ದು. ಈ ಸ್ಕ್ರೂ ಕ್ಯಾರೆಟ್ ಡ್ರಮ್ಮಿಂದು, ಅದಕ್ಕೇ ಡ್ರಮ್ಮು ಒಂದ್ಕಡೆ ಕುಂಟ್ತದೆ. ಒಳಗಿನ ವೈರು ಲಾರಿಯ ಹಿಂದಿನ ಲೈಟಿಂದು, ಬ್ರೇಕ್ ಹಾಕಿದ್ರೆ ಇದು ಹಾಡ್ತದೆ. ಕೆಳಗಿನ ತಂತಿಯಲ್ಲಿ ಬೆರಳೊತ್ತೋ ಒಂದು ಮನೆ ಸತ್ತೇಹೋಗಿದೆ, ಒತ್ತಿದರೆ ಬರೀ ಟಪ್ ಅಂತದೆ. ಅಪ್ಪ ಆ ಮನೆ ಬಂದಾಗೆಲ್ಲ ಅದನ್ನ ಹಾರಿ ಪಕ್ಕದಿಂದ ತಂತಿ ಎಳೆದು ಆ ಸ್ವರ ತರ್ತಿದ್ದ, ಗುಂಡಿ ಬಂದ್ರೆ ಲಾರಿ ಪಕ್ಕಕ್ಕೆ ತಗೊಂಡಂಗೆ. ಇದೊಂದು ಗುಜರಿ ಮಾಮ. ಸಾರ್‌ದು ಎಷ್ಟು ಚೆಂದ ಇದೆ ನೋಡಿ, ಗೀರು ಕೂಡ ನೀಟಾಗಿದೆ."

ನಾನು ಕೈ ಬಾಯಿ ಆಡಿಸಿ ಹೇಳುತ್ತಿದ್ದರೆ ಭೋಜ ಮಾಮ ಪುರಿ ಉಗುಳಿಕೊಂಡು ನಕ್ಕರು. ನಾನೂ ನಕ್ಕೆ. ಆದರೆ ಒಂದೊಂದು ಕುಂದು ಹೇಳಿದಾಗಲೂ ಸ್ಕ್ರೂ ಡ್ರೈವರ್ ಬಾಯಲ್ಲಿ ಕಚ್ಚಿಕೊಂಡು ಬೆಳಕಿಗೆ ತಿರುಗಿ ಕುಳಿತ ಅಪ್ಪ ಕಾಣುತ್ತಿದ್ದ. ಆ ರೇಡಿಯೋ ಬಿಚ್ಚುವಾಗ ಟಾರ್ಚ್ ಹಿಡಿದವಳು ನಾನೇ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತದ್ದು ಆಗ ನನ್ನ ಕಿವಿಗೆ ಬಿತ್ತು.

ಮೊದಲು ಹೊಸದು. ಆಂಪ್ಲಿಫೈಯರಿಗೆ ಚುಚ್ಚಿ ಭೋಜ ಮಾಮ ಬಾರಿಸಿದರು. ಸಿಹಿಯಾಗಿ, ಸ್ಪಷ್ಟವಾಗಿ, ಪರೀಕ್ಷೆಯಲ್ಲಿ ಫಸ್ಟ್ ಬರುವವರ ಅಕ್ಷರದ ಹಾಗೆ ಇತ್ತು. ಆಮೇಲೆ ನಮ್ಮದು. ನಾನು ಬೇಕೆಂದೇ ಕೆಂಡದ ಮಾತು ಎತ್ತಲಿಲ್ಲ. ಅಪ್ಪ ಕಾಯಿಸುತ್ತಿದ್ದದ್ದು ಮನೆಯಲ್ಲಿ, ಭೋಜ ಮಾಮ ಅವನ ಜೊತೆ ಬಾರಿಸುತ್ತಿದ್ದದ್ದು ಹೋಟೆಲಿನಲ್ಲಿ. ಅವರು ಬಿರಡೆ ತಿರುಗಿಸಿ ಶ್ರುತಿ ಮಾಡಿ ಶುರು ಮಾಡಿದರು. ನಾಲ್ಕು ಸಾಲು ಹೋಗಿಲ್ಲ, ಕೆಳಗಿನ ತಂತಿ ಜಾರಿತು. ತಿರುಗಿಸಿದರು. ಮೇಲಿನದು ಜಾರಿತು. ಗಿಟಾರ್ ನೆಗಡಿಯಾದ ಮೇಕೆಯ ಹಾಗೆ ಒರಲಿತು.

"ಏನಪ್ಪಾ ಇದು?" ಭೋಜ ಮಾಮ ಮುಖ ಹಿಂಡಿದರು. "ಅವನ ಕೈಯಲ್ಲಿ ಯಾವತ್ತೂ ಹಿಂಗೆ ಮಾಡಿಲ್ಲ."

"ನಾನು ಹೇಳ್ನಿಲ್ವಾ ಮಾಮ? ಬಿಟ್ಬಿಡಿ, ಇಲ್ಲೇ ಮೊಳೆಗೆ ಹಾಕ್ಬಿಡೋಣ."

ಗೆದ್ದೇ ಬಿಟ್ಟೆ ಎಂದುಕೊಂಡೆ. ಆಗ ಅಡುಗೆಮನೆ ಬಾಗಿಲು ತಳ್ಳಿಕೊಂಡು ಅಮ್ಮ ಬಂದಳು. ಎರಡು ಕೈಯಲ್ಲಿ ಅಗ್ಗಿಷ್ಟಿಕೆ, ತುಂಬ ಕೆಂಡ. ಅಪ್ಪ ತೀರಿಕೊಂಡ ದಿನದ ನಂತರ ನಮ್ಮ ಮನೆಯಲ್ಲಿ ಅದನ್ನು ಹಚ್ಚಿರಲೇ ಇಲ್ಲ. ನಾವು ಎರಡೆರಡು ಸ್ವೆಟರ್ ಹಾಕಿಕೊಂಡು ಕಾಲ ಕಳೆದಿದ್ದೆವು.

"ಕಾಯ್ಸದೆ ಯಾರು ಬಾರ್ಸಿ ಅಂದೋರು?" ಎಂದಳು. ಕೇಳಿದ್ದು ಭೋಜ ಮಾಮನನ್ನು, ನೋಡಿದ್ದು ನನ್ನನ್ನು. "ಚಳೀಲಿ ಎಬ್ಬಿಸಿ ಹಾಡು ಅಂದ್ರೆ ಯಾರು ಹಾಡ್ತಾರೆ?"

ಕೆಂಡವನ್ನು ನೆಲದ ಮೇಲಿಟ್ಟು, ಗಿಟಾರನ್ನು ಭೋಜ ಮಾಮನ ತೊಡೆಯಿಂದ ತಾನೇ ಎತ್ತಿಕೊಂಡಳು. ಅಮ್ಮ ಅದನ್ನು ಮುಟ್ಟಿದ್ದನ್ನು ನಾನು ಹಿಂದೆ ನೋಡಿರಲಿಲ್ಲ. ಆದರೂ ಅವಳ ಕೈಗೆ ಎಲ್ಲಿ ಹಿಡಿಯಬೇಕೆಂದು ತಿಳಿದಿತ್ತು. ಮಲಗಿಸಿ, ಹಿಂದೆ ಮುಂದೆ, ಹಿಂದೆ ಮುಂದೆ. ಡೆನ್ನಿಸ್ ಸಾರ್ "ವಾರ್ನಿಷ್ ಮಾ, ವಾರ್ನಿಷ್" ಎಂದು ಬಾಯಿ ತೆರೆದವರು ಹಾಗೇ ಮುಚ್ಚಿಕೊಂಡರು. ಭೋಜ ಮಾಮ ಬೆರಳು ಚಾಚಿ ಕೆಂಡದ ಮೇಲೆ ಹಿಡಿದು ಕುಳಿತರು.

ಆಮೇಲೆ ಮತ್ತೆ ಶ್ರುತಿ ಮಾಡಿ ಬಾರಿಸಿದರು.

ಅದು ಹೇಗಿತ್ತು ಎಂದು ನನಗೆ ಹೇಳಲು ಬರುವುದಿಲ್ಲ, ಮಾತಿನಮಲ್ಲಿ ಎಂದು ಹೆಸರಿದ್ದರೂ. ಅಪ್ಪ ಬಾರಿಸಿದ ಹಾಗೆ ಇರಲಿಲ್ಲ. ಆದರೆ ಅಪ್ಪ ಕುಳಿತಿರುತ್ತಿದ್ದ ಕೋಣೆಯ ಹಾಗೆ ಇತ್ತು. ಸತ್ತ ಮನೆ ಬಂದಾಗ ಭೋಜ ಮಾಮ ಅದನ್ನು ಹಾರಿ ಪಕ್ಕದಿಂದ ಎಳೆದರು. ಇಷ್ಟು ವರ್ಷ ಪಕ್ಕದಲ್ಲಿ ನಿಂತು ಬೇಸ್ ಬಾರಿಸಿದವರಲ್ಲವೇ, ಗುಂಡಿ ಎಲ್ಲಿದೆ ಎಂದು ಅವರಿಗೂ ಗೊತ್ತಿತ್ತು. ಡೆನ್ನಿಸ್ ಸಾರ್ ತಮ್ಮ ಗಿಟಾರನ್ನು ಪೆಟ್ಟಿಗೆಯೊಳಗೆ ಮಲಗಿಸಿ ಮುಚ್ಚಳ ಹಾಕಿದರು. "ಸರಿ ಪಾ, ನೀನೇ ಗೆದ್ದೆ" ಎಂದರು. ಯಾರಿಗೆ ಎಂದು ಯಾರೂ ಕೇಳಲಿಲ್ಲ.

ಅಮ್ಮ ನನ್ನ ಕಡೆ ತಿರುಗಿದಳು. "ಅಷ್ಟು ಕೆಟ್ಟದೇನೇ ಅದು?"

"ಕೆಟ್ಟದೇ" ಎಂದೆ. "ಯಾರಿಗೂ ಬೇಡ ಅಮ್ಮ ಅದು. ನಮ್ಮನೇಲೇ ಇರ್ಲಿ."

ಅಮ್ಮನಿಗೆ ಆಗ ಎಲ್ಲ ತಿಳಿಯಿತು. ನನ್ನ ತಲೆಯ ಮೇಲೆ ಕೈ ಇಟ್ಟಳು. ಕೆಂಡದ ಶಾಖ ಇನ್ನೂ ಅಂಗೈಯಲ್ಲಿತ್ತು. "ಬಾರಿಸ್ದೆ ಇದ್ರೆ ಅದು ಬರೀ ನಡುಗ್ತದೆ ಮಗಾ" ಎಂದಳು.

ಭೋಜ ಮಾಮ ಎದ್ದರು. "ಅತ್ತಿಗೆ, ಕೂಸಿಗೆ ಇಷ್ಟು ಆಸೆ ಇದ್ರೆ ಬೇಡ. ನಾನು ಹಂಗೇ ಬಂದು ಬಾರ್ಸಿ ಹೋಯ್ತೀನಿ."

"ಇಲ್ಲ ಭೋಜಣ್ಣ. ಇವತ್ತು ಯಾವ ದಿನ ಹೇಳಿ? ನಮ್ಮನೇಲಿ ಇದ್ರೆ ಇದಕ್ಕೆ ಬೊಟ್ಟಿಡೋ ಹಂಗಿಲ್ಲ. ನಿಮ್ಮನೇಲಿ ಹಬ್ಬ ಅದೆ ತಾನೆ?"

"ಅದೆ."

"ಹಂಗಾದ್ರೆ ತಗೊಳ್ಳಿ." ಎರಡು ಕೈಯಿಂದ ಗಿಟಾರನ್ನು ಅವರ ಕೈಗೆ ಕೊಟ್ಟಳು. "ಈಗ ಇದು ನಿಮ್ಮನೇದು."

ಭೋಜ ಮಾಮ ಏನು ಮಾಡಬೇಕೆಂದು ತಿಳಿಯದೆ, ಬಸ್ಸಿನಲ್ಲಿ ಬೇರೆಯವರ ಕೂಸು ಹಿಡಿದವರ ಹಾಗೆ ನಿಂತರು. ಅಮ್ಮ ಒಳಗೆ ಹೋದಳು. ಸಾಣೆಕಲ್ಲಿನ ಮೇಲೆ ಅರಿಶಿನದ ಕೊಂಬು ತೇಯುವ ಸದ್ದು ಬಂತು. ಬಂದು, ಅವರ ಕೈಯಲ್ಲಿದ್ದ ಗಿಟಾರಿನ ಹೆಗಲ ಮೇಲೆ ಆ ಹಳೇ ಹಳದಿಯ ನಡುವಿಗೆ, ಹೆಬ್ಬೆರಳಿನಿಂದ ಒಂದು ಬೊಟ್ಟು ಇಟ್ಟಳು. ಹಳೆಯದರ ಮೇಲೆ ಹೊಸದು ಕೂತಿತು. ಅಮ್ಮ ಹೆಬ್ಬೆರಳನ್ನು ಎತ್ತಲು ಸ್ವಲ್ಪ ಹೊತ್ತು ತೆಗೆದುಕೊಂಡಳು. ಹೊರಗೆ ಯಾರೋ ಲಾರಿಯ ಮುಂದೆ ಬೂದುಗುಂಬಳ ಒಡೆದರು, ಮಕ್ಕಳು ಕೂಗಿದವು.

ಭೋಜ ಮಾಮ ಬಸ್ಸಿನಲ್ಲಿ ಗಿಟಾರಿಗೂ ಒಂದು ಸೀಟು ಹಿಡಿದುಕೊಂಡೇ ಹೋದರು. ಅವತ್ತು ಕಂಡಕ್ಟರ್ ಜಗಳ ಆಡಲಿಲ್ಲವಂತೆ. ಬೊಟ್ಟು ನೋಡಿ ಜರುಗಿ ಜಾಗ ಬಿಟ್ಟನಂತೆ. ಇದು ಭೋಜ ಮಾಮ ಹೇಳಿದ್ದು. ಅವರೂ ಎಳೆಯುವುದರಲ್ಲಿ ಕಡಿಮೆಯವರಲ್ಲ. ಚಿಪ್ಪು ಮಾತ್ರ ಕೊಡುವುದು ಮರೆತುಹೋಗಿ ನನ್ನ ಜೇಬಿನಲ್ಲೇ ಉಳಿಯಿತು. ಇವತ್ತು ಕ್ಲಾಸಿನಲ್ಲಿ ಪಕ್ಕದವಳು ಏನೇ ಅದು ಎಂದಳು. ಮೊಸರು ಡಬ್ಬಿಯ ಮುಚ್ಚಳ ಎಂದೆ. ನಿಜ ಹೇಳಿದ್ದಕ್ಕೆ ಅವಳು ನಂಬಲೇ ಇಲ್ಲ.

ಶೆಡ್ಡನ್ನು ಈಗ ಅಮ್ಮ ನೋಡಿಕೊಳ್ಳುತ್ತಾಳೆ. ಸಂಜೆ ಇಬ್ಬರೂ ಅಗ್ಗಿಷ್ಟಿಕೆಯ ಮುಂದೆ ಕೂರುತ್ತೇವೆ. ಬೆರಳು ಮಡಚಲು ಬರುವವರೆಗೆ ಅವಳು ಕೈಗಳನ್ನು ಕೆಂಡದ ಮೇಲೆ ಹಿಡಿಯುತ್ತಾಳೆ. ರಸ್ತೆಯಲ್ಲಿ ಕ್ಯಾರೆಟ್ ಲಾರಿ ಹೋಗುತ್ತದೆ, ಗೋಡೆ ನಡುಗುತ್ತದೆ. ಅಮ್ಮ ತಲೆ ಎತ್ತುತ್ತಾಳೆ. ನಾನೂ ಎತ್ತುತ್ತೇನೆ. ಅಲ್ಲಿ ಮೊಳೆ ಒಂದೇ ಇದೆ. ಆಮೇಲೆ ಇಬ್ಬರೂ ಗಂಟೆ ಎಷ್ಟಾಯಿತು ಎಂದು ನೋಡಿದವರ ಹಾಗೆ ಮುಖ ಮಾಡಿಕೊಳ್ಳುತ್ತೇವೆ.

ಗಡಿಯಾರ ಇರುವುದು ಎದುರಿನ ಗೋಡೆಯಲ್ಲಿ.